ಹೆಚ್ಚು ದುಡ್ಡು ಸುರಿದ ತಂಡಕ್ಕೇ ಕಪ್ ಬರುತ್ತಾ? ಆರ್‌ಸಿಬಿ ಹರಾಜು ಮತ್ತು ಪ್ಲೇ ಆಫ್ ಲೆಕ್ಕ

ಹಿರಿಯೂರು ಪಕ್ಕದ ಬಬ್ಬೂರಿನ ಟೀ ಅಂಗಡಿ ಇರಲಿ, ಬೆಂಗಳೂರಿನ ಆಫೀಸ್ ಕ್ಯಾಂಟೀನ್ ಇರಲಿ, ಐಪಿಎಲ್ ಬಂತೆಂದರೆ ಒಂದೇ ಮಾತು. "ರಾಹುಲ್‌ನ ಬಿಟ್ಟು ಯಾರ್‍ಯಾರಿಗೋ ದುಡ್ಡು ಸುರಿದ್ರು" ಎಂದು ಹುಡುಗರು ಬೈದರೆ, "ಎಲ್ಲಾ ದುಡ್ಡಿನಾಟ ಕಣಪ್ಪ, ದುಡ್ಡಿದ್ದೋನಿಗೆ ಕಪ್" ಎಂದು ಹಿರಿಯರು ಮಾತು ಮುಗಿಸುತ್ತಾರೆ. ಇದೇ ಜಗಳ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆಗಿ ಓಡಾಡುತ್ತದೆ. ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ನಂಬಿಕೆ 1: ಶ್ರೀಮಂತ ಮಾಲೀಕರ ತಂಡ ಯಾರನ್ನು ಬೇಕಾದರೂ ಕೊಳ್ಳಬಹುದು

ತಪ್ಪು. ಮಾಲೀಕರ ಬಳಿ ಎಷ್ಟೇ ದುಡ್ಡಿದ್ದರೂ ಹರಾಜಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಿತಿ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಮೆಗಾ ಹರಾಜಿಗೆ ಹತ್ತೂ ತಂಡಗಳಿಗೆ ತಲಾ 120 ಕೋಟಿ ರೂಪಾಯಿ ಮಿತಿ ಇತ್ತು. ತಂಡ ಮೊದಲೇ ಉಳಿಸಿಕೊಂಡ ಆಟಗಾರರ ಹಣವೂ ಅದರಲ್ಲೇ ಕಳೆಯುತ್ತದೆ.

ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ವಿರಾಟ್ ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11 ಕೋಟಿ), ಯಶ್ ದಯಾಳ್ (5 ಕೋಟಿ). ಒಟ್ಟು 37 ಕೋಟಿ ಹೋಗಿ ಕೈಯಲ್ಲಿ ಉಳಿದದ್ದು 83 ಕೋಟಿ. ಅದರಲ್ಲೇ ಉಳಿದ ತಂಡ ಕಟ್ಟಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಎಷ್ಟು ಖರ್ಚು ಮಾಡಿದರು" ಎಂಬುದಲ್ಲ, "ಹೇಗೆ ಹಂಚಿದರು" ಎಂಬುದು.

ನಂಬಿಕೆ 2: ಬೆಲೆ ಹೆಚ್ಚಾದಷ್ಟೂ ಆಟಗಾರ ಉತ್ತಮ

ಅರ್ಧ ಸತ್ಯ. ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೆನೆಸಿಕೊಳ್ಳಿ. ಒಂದೇ ಜೋಡಿಗೆ ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಏರುತ್ತದೆ. ಅಷ್ಟಕ್ಕೇ ಎತ್ತು ಎರಡು ಎಕರೆ ಹೆಚ್ಚು ಉಳುವುದಿಲ್ಲ. ಹರಾಜಿನ ಬೆಲೆ ಹೇಳುವುದು ಎರಡನೇ ಗಿರಾಕಿಗೆ ಆ ಆಟಗಾರ ಎಷ್ಟು ಬೇಕಾಗಿದ್ದ ಎಂಬುದನ್ನು. ಅಂಥವರು ಮಾರುಕಟ್ಟೆಯಲ್ಲಿ ಕಡಿಮೆ ಇದ್ದರೆ ಬೆಲೆ ಇನ್ನೂ ಏರುತ್ತದೆ.

ಆ ಹರಾಜಿನ ಮೂವರು ದುಬಾರಿ ಆಟಗಾರರನ್ನೇ ನೋಡಿ. 27 ಕೋಟಿಯ ರಿಷಭ್ ಪಂತ್ ಇದ್ದ ಲಖನೌ 2025ರಲ್ಲಿ 7ನೇ ಸ್ಥಾನ. 23.75 ಕೋಟಿಯ ವೆಂಕಟೇಶ್ ಅಯ್ಯರ್ ಇದ್ದ ಕೋಲ್ಕತ್ತಾ 8ನೇ ಸ್ಥಾನ. 26.75 ಕೋಟಿಯ ಶ್ರೇಯಸ್ ಅಯ್ಯರ್ ಮಾತ್ರ ಪಂಜಾಬನ್ನು ಫೈನಲ್‌ಗೆ ಒಯ್ದರು. ಹಾಗಂತ ದುಬಾರಿ ಖರೀದಿ ಯಾವಾಗಲೂ ದಂಡ ಎನ್ನುವಂತೆಯೂ ಇಲ್ಲ. 2024ರಲ್ಲಿ ಕೋಲ್ಕತ್ತಾ 24.75 ಕೋಟಿ ಕೊಟ್ಟ ಮಿಚೆಲ್ ಸ್ಟಾರ್ಕ್ ಫೈನಲ್‌ನ ಪಂದ್ಯಶ್ರೇಷ್ಠರಾದರು, ಕಪ್ ಕೂಡ ಬಂತು.

ಆರ್‌ಸಿಬಿ ಎರಡೂ ಪಾಠ ಕಲಿತಿದೆ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ ಕೊಟ್ಟರೂ ಕಪ್ ಬರಲಿಲ್ಲ. 2025ರ ತಂಡದ ಖರ್ಚು ಬೇರೆ ರೀತಿ ಇತ್ತು: ಹೇಜಲ್‌ವುಡ್ 12.5 ಕೋಟಿ, ಫಿಲ್ ಸಾಲ್ಟ್ 11.5 ಕೋಟಿ, ಜಿತೇಶ್ ಶರ್ಮಾ 11 ಕೋಟಿ, ಭುವನೇಶ್ವರ್ 10.75 ಕೋಟಿ. ಹರಾಜಿನಲ್ಲಿ ಯಾರ ಮೇಲೂ 13 ಕೋಟಿ ಹಾಕಲಿಲ್ಲ. ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದ ಕೃಣಾಲ್ ಪಾಂಡ್ಯ ಸಿಕ್ಕಿದ್ದು 5.75 ಕೋಟಿಗೆ.

ರಾಹುಲ್ ವಿಷಯ? ಡೆಲ್ಲಿ ಅವರನ್ನು 14 ಕೋಟಿಗೆ ಕೊಂಡಿತು. ಅವರು ಚಿನ್ನಸ್ವಾಮಿಗೇ ಬಂದು ಔಟಾಗದೆ 93 ರನ್ ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಅಭಿಮಾನಿಗಳ ಸಿಟ್ಟಿಗೆ ಕಾರಣ ಇತ್ತು. ಆದರೆ ಕಪ್ ಗೆದ್ದದ್ದು ಆರ್‌ಸಿಬಿ, ಡೆಲ್ಲಿ ಪ್ಲೇ ಆಫ್‌ಗೂ ಹೋಗಲಿಲ್ಲ. ಒಂದು ಪಂದ್ಯ ನೋಡಿ ಇಡೀ ಹರಾಜಿಗೆ ಅಂಕ ಕೊಡಲಾಗದು.

ನಂಬಿಕೆ 3: ಪ್ಲೇ ಆಫ್‌ಗೆ ಹೋದರೆ ಸಾಕು, ಎಷ್ಟನೇ ಸ್ಥಾನವಾದರೇನು?

ಅಭಿಮಾನಿಗಳು ಎಡವುವುದು ಹೆಚ್ಚಾಗಿ ಇಲ್ಲೇ. 2011ರಿಂದ ಇರುವ ನಿಯಮದಂತೆ ಮೊದಲ ಎರಡು ತಂಡಗಳು ಕ್ವಾಲಿಫೈಯರ್ 1 ಆಡುತ್ತವೆ. ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ ಇನ್ನೊಂದು ಅವಕಾಶ. 3 ಮತ್ತು 4ನೇ ತಂಡಗಳದ್ದು ಎಲಿಮಿನೇಟರ್. ಸೋತರೆ ಮನೆಗೆ. ಕಪ್ ಬೇಕೆಂದರೆ ಸಾಲಾಗಿ ಮೂರು ಪಂದ್ಯ ಗೆಲ್ಲಬೇಕು.

ಎಲ್ಲ ತಂಡಗಳೂ ಸಮಬಲ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ ಎಂದೇ ಇಟ್ಟುಕೊಳ್ಳಿ. ಆಗಲೂ ಮೊದಲೆರಡು ಸ್ಥಾನದ ತಂಡಕ್ಕೆ ಕಪ್ ಸಿಗುವ ಸಾಧ್ಯತೆ ಶೇ 37.5. ಮೂರು ಅಥವಾ ನಾಲ್ಕನೇ ತಂಡಕ್ಕೆ ಶೇ 12.5 ಮಾತ್ರ. ಅಂದರೆ ಮೂರು ಪಟ್ಟು ವ್ಯತ್ಯಾಸ.

ಇತಿಹಾಸ ಏನು ಹೇಳುತ್ತದೆ? 2011ರಿಂದ 2025ರವರೆಗಿನ 15 ಟೂರ್ನಿಗಳಲ್ಲಿ 14 ಬಾರಿ ಗೆದ್ದದ್ದು ಮೊದಲೆರಡು ಸ್ಥಾನದ ತಂಡಗಳೇ. ಕೆಳಗಿನಿಂದ ಬಂದು ಗೆದ್ದದ್ದು 2016ರ ಹೈದರಾಬಾದ್ ಒಂದೇ. ಫೈನಲ್‌ನಲ್ಲಿ 8 ರನ್‌ಗಳಿಂದ ಸೋತವರು ಯಾರು ಎಂದು ಹೇಳಬೇಕಾಗಿಲ್ಲ!

ಆರ್‌ಸಿಬಿಯ ಲೆಕ್ಕ ಇನ್ನೂ ಸ್ಪಷ್ಟ. ಈ ಪದ್ಧತಿಯಲ್ಲಿ ಮೊದಲೆರಡರಲ್ಲಿ ಇದ್ದದ್ದು 2011, 2016 ಮತ್ತು 2025ರಲ್ಲಿ. ಮೂರೂ ಸಲ ಫೈನಲ್. 3 ಅಥವಾ 4ನೇ ಸ್ಥಾನದಲ್ಲಿ ಇದ್ದದ್ದು 2015, 2020, 2021, 2022 ಮತ್ತು 2024ರಲ್ಲಿ. ಐದು ಸಲವೂ ಫೈನಲ್ ಇಲ್ಲ.

"ಹಾಗಾದರೆ ಆರ್‌ಸಿಬಿಗೆ ಶಾಪ ಇತ್ತು" ಎನ್ನುವ ಫಾರ್ವರ್ಡ್ ನಿಜವೇ? ಇಲ್ಲ. ಅದೇ ನಾಣ್ಯದ ಲೆಕ್ಕದಲ್ಲಿ ಕೆಳಗಿನ ಸ್ಥಾನದಿಂದ ಐದು ಸಲ ಹೊರಟ ತಂಡ ಒಮ್ಮೆಯೂ ಫೈನಲ್ ತಲುಪದಿರುವ ಸಾಧ್ಯತೆ ಸುಮಾರು ನಾಲ್ಕರಲ್ಲೊಂದು. ಅಪರೂಪವೇನಲ್ಲ. ಇದಕ್ಕೆ ಶಾಪ ಬೇಕಿಲ್ಲ, ನಾಲ್ಕನೇ ಸ್ಥಾನ ಸಾಕು.

ಅದಕ್ಕೇ 2025ರ ಮೇ 27ರ ಲಖನೌ ಪಂದ್ಯ ಅಷ್ಟು ಮುಖ್ಯವಾಗಿತ್ತು. 27 ಕೋಟಿಯ ಪಂತ್ ಅಂದು ಶತಕವನ್ನೇ ಹೊಡೆದರು. ಗುರಿ 228. ಜಿತೇಶ್ 33 ಎಸೆತಗಳಲ್ಲಿ 85 ರನ್ ಬಾರಿಸಿ ಗೆಲ್ಲಿಸಿದರು, ಆರ್‌ಸಿಬಿ ಎರಡನೇ ಸ್ಥಾನಕ್ಕೆ ಏರಿತು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ 18ನೇ ಪ್ರಯತ್ನದಲ್ಲಿ ಕಪ್ ಗೆದ್ದಿತು.

ಆದರೂ ಇದು ಸಾಧ್ಯತೆಯ ಲೆಕ್ಕ, ಗ್ಯಾರಂಟಿ ಅಲ್ಲ. 2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಆರ್‌ಸಿಬಿ ಮೂರನೇ ಸ್ಥಾನದಿಂದ ಬಂದೇ ಕಪ್ ಗೆದ್ದಿತು.

ನಂಬಿಕೆ 4: "ಮೊದಲೇ ಗೊತ್ತಿತ್ತು"

ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೂರನೇ ಸಲ 2025ರ ಜನವರಿಯಲ್ಲಿ. ಅದೇ ವರ್ಷ ಆರ್‌ಸಿಬಿ ಕಪ್ ಗೆದ್ದಿತು. "ಮಾರಿಕಣಿವೆ ಕೋಡಿ ಬಿದ್ದರೆ ಕಪ್ ನಮ್ದೇ" ಎಂದು ಯಾರಾದರೂ ಬರೆದರೆ ಹಿರಿಯೂರಿನವರು ಖುಷಿಯಿಂದಲೇ ಹಂಚುತ್ತಾರೆ. ಆದರೆ 2022ರಲ್ಲಿ ಕೋಡಿ ಬಿದ್ದ ಮೇಲೆ ಬಂದ 2023ರ ಟೂರ್ನಿಯಲ್ಲಿ ತಂಡ ಪ್ಲೇ ಆಫ್‌ಗೂ ಹೋಗಲಿಲ್ಲ. ಎರಡು ಘಟನೆ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ.

ಇದು ತಮಾಷೆ. ಆದರೆ ಇದೇ ಮನಸ್ಥಿತಿಯ ಮೇಲೆ ದುಡ್ಡು ಮಾಡುವವರಿದ್ದಾರೆ. "ಇಂದು ಗೆಲ್ಲುವ ತಂಡ, ಒಳಗಿನ ಮಾಹಿತಿ" ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ಹೇಗೆ ನಡೆಯುತ್ತದೆ ನೋಡಿ. ವಂಚಕ 1,024 ಜನರಿಗೆ ಮೆಸೇಜ್ ಕಳಿಸುತ್ತಾನೆ. ಅರ್ಧ ಜನಕ್ಕೆ ಆರ್‌ಸಿಬಿ ಗೆಲ್ಲುತ್ತದೆ ಎಂದು, ಇನ್ನರ್ಧಕ್ಕೆ ಸೋಲುತ್ತದೆ ಎಂದು. ಪಂದ್ಯ ಮುಗಿದ ಮೇಲೆ ಸರಿ ಉತ್ತರ ಹೋದ 512 ಜನರಿಗೆ ಮಾತ್ರ ಮುಂದಿನ ಮೆಸೇಜ್. ಹೀಗೇ ಐದು ಪಂದ್ಯ ಮುಗಿದಾಗ 32 ಜನರ ಪಾಲಿಗೆ ಅವನು ಐದಕ್ಕೆ ಐದೂ ಸರಿ ಹೇಳಿದ ಮಹಾಪುರುಷ! ಆರನೇ ಪಂದ್ಯಕ್ಕೆ ದುಡ್ಡು ಕೇಳುತ್ತಾನೆ. ಅವನಿಗೆ ಕ್ರಿಕೆಟ್ ಗೊತ್ತಿರಬೇಕಾಗಿಯೇ ಇಲ್ಲ.

ಶೇಂಗಾ ಮಾರಿದ ದುಡ್ಡು, ಕಾಲೇಜು ಫೀಸು ಹೋಗುವುದು ಹೀಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಆನ್‌ಲೈನ್‌ನಲ್ಲಿ ಮೋಸ ಹೋಗಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ.

ಒಟ್ಟಿನಲ್ಲಿ

ಹರಾಜಿನ ಮಿತಿ ಎಲ್ಲರಿಗೂ ಒಂದೇ. ದೊಡ್ಡ ಬೆಲೆ ಎಂದರೆ ದೊಡ್ಡ ಆಟ ಎಂದೇನಿಲ್ಲ. ಕಪ್ ದಾರಿ ಸಲೀಸಾಗುವುದು ಮೊದಲೆರಡು ಸ್ಥಾನದಿಂದ. ಮುಂದಿನ ಸಲ ಟೀ ಅಂಗಡಿಯಲ್ಲಿ ಜಗಳ ಶುರುವಾದರೆ ಈ ಲೆಕ್ಕ ಮುಂದಿಡಿ, ವಾದ ಮಾಡಿ, ಟೀ ಕುಡಿಯಿರಿ. "ಒಳಗಿನ ಮಾಹಿತಿ" ಮೆಸೇಜ್ ಬಂದರೆ ಮಾತ್ರ ಫಾರ್ವರ್ಡ್ ಮಾಡಬೇಡಿ. ಅಳಿಸಿಬಿಡಿ.