ಒಂಟಿ ಹಾರಾಟಕ್ಕೆ ಮೊದಲು ಒಬ್ಬ ಗುರುವಿನ ಸಹಿ

ಅಮೆರಿಕದಲ್ಲಿ ಹದಿನಾರು ತುಂಬದವರು ಸೆಸ್ನಾದಂಥ ಪುಟ್ಟ ವಿಮಾನವನ್ನೂ ಒಬ್ಬರೇ ಹಾರಿಸುವಂತಿಲ್ಲ. ವಯಸ್ಸು ತುಂಬಿದರೂ ಅಷ್ಟಕ್ಕೇ ಅನುಮತಿ ಸಿಗದು. ಮೊದಲು ನಿಯಮಗಳ ಮೇಲೊಂದು ಲಿಖಿತ ಪರೀಕ್ಷೆ. ಆಮೇಲೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಟೇಕಾಫ್, ಲ್ಯಾಂಡಿಂಗ್, ಸ್ಟಾಲ್ (ರೆಕ್ಕೆಯ ಎತ್ತುವ ಬಲ ಕುಸಿಯುವುದು), ಎಂಜಿನ್ ಕೈಕೊಟ್ಟಾಗ ಮಾಡಬೇಕಾದ್ದು, ಎಲ್ಲವನ್ನೂ ಮಾಡಿಸಿ ನೋಡಬೇಕು. ಸಮಾಧಾನವಾದರೆ ಲಾಗ್‌ಬುಕ್ಕಿನಲ್ಲಿ ಸಹಿ ಹಾಕುತ್ತಾರೆ. ಆ ಸಹಿ ಆ ಒಂದು ಮಾದರಿಯ ವಿಮಾನಕ್ಕೆ ಮಾತ್ರ, ಅದೂ 90 ದಿನದ ಮಟ್ಟಿಗೆ. ಇನ್‌ಸ್ಟ್ರಕ್ಟರ್ ಅಲ್ಲಿ ಬರೆದ ಮಿತಿಗಳನ್ನು ಮೀರಿದರೆ ಕಾನೂನನ್ನೇ ಮೀರಿದಂತೆ. ಹೀಗೆ ಕಲಿಯುತ್ತಿರುವ ಹುಡುಗ ಅದೇ ಸಂಜೆ ಪಕ್ಕದ ಹೊಲದಲ್ಲಿ ಒಂದೇ ಸೀಟಿನ ಅಲ್ಟ್ರಾಲೈಟ್ ಹತ್ತಿ ಮೇಲೇರಿದರೆ ಅವನಿಗೆ ಕಲಿಸಿದವರು ಯಾರು ಎಂದು ಯಾರೂ ಕೇಳುವಂತಿಲ್ಲ. ವಯಸ್ಸು, ವೈದ್ಯಕೀಯ ತಪಾಸಣೆ, ಪರೀಕ್ಷೆ, ಲೈಸೆನ್ಸ್ ಯಾವುದೂ ಬೇಡ. ಈ ಅಂತರಕ್ಕೆ ಸಮರ್ಥನೆ ಇಲ್ಲ, ಇದನ್ನು ಮುಚ್ಚಲೇಬೇಕು ಎಂಬುದು ನನ್ನ ವಾದ.

ಇದಕ್ಕೆ ಅವಕಾಶ ಕೊಟ್ಟದ್ದು 1982ರಲ್ಲಿ ಬಂದ ‘ಪಾರ್ಟ್ 103’ ಎಂಬ ನಿಯಮ. ಖಾಲಿ ತೂಕ 254 ಪೌಂಡ್‌ಗಿಂತ, ಅಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆ, ಇಂಧನ 5 ಗ್ಯಾಲನ್ ಮೀರದು, ವೇಗ 55 ನಾಟ್ ಮೀರದು, ಸೀಟು ಒಂದೇ. ಇಂಥ ಮಿತಿಗಳೊಳಗಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ನೋಂದಣಿ ಬೇಕಾದ ವಿಮಾನವಲ್ಲ. ಹಗಲಲ್ಲೇ ಹಾರಬೇಕು, ಜನವಸತಿಯ ಮೇಲೆ ಹಾರಕೂಡದು, ದೊಡ್ಡ ವಿಮಾನ ನಿಲ್ದಾಣಗಳ ನಿಯಂತ್ರಿತ ಆಕಾಶಕ್ಕೆ ಅನುಮತಿಯಿಲ್ಲದೆ ಕಾಲಿಡಕೂಡದು. ಒಳ್ಳೆಯ ನಿಯಮಗಳೇ. ಆದರೆ ಒಂದೊಂದನ್ನೂ ನೋಡಿ: ನೆಲದ ಮೇಲಿರುವವರಿಗೆ ರಕ್ಷಣೆ ಇದೆ, ಬೇರೆ ವಿಮಾನದಲ್ಲಿರುವವರಿಗೆ ರಕ್ಷಣೆ ಇದೆ. ಯಂತ್ರದೊಳಗೆ ಕೂತು ಈಗಷ್ಟೇ ಕಲಿಯುತ್ತಿರುವವನಿಗಾಗಿ ಒಂದು ಸಾಲೂ ಇಲ್ಲ.

ಹಗುರ ಯಂತ್ರ, ನಿಧಾನ ವೇಗ, ಆದ್ದರಿಂದ ಸುಲಭ ಎಂಬ ನಂಬಿಕೆ ಇದರ ಬೆನ್ನಿಗಿದೆ. ಭೌತಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ತುಂಬಿದ ಲಾರಿಯ ಎಂಜಿನ್ ಆರಿದರೂ ಅದು ಒಂದಷ್ಟು ದೂರ ಉರುಳುತ್ತದೆ, ಏರಿನಲ್ಲಿ ಪೆಡಲ್ ನಿಲ್ಲಿಸಿದ ಸೈಕಲ್ ಅಲ್ಲೇ ನಿಲ್ಲುತ್ತದೆ. ಬಟ್ಟೆಯ ರೆಕ್ಕೆ, ತಂತಿಗಳು, ಬಯಲಿಗೊಡ್ಡಿದ ಎಂಜಿನ್ ಇರುವ ಅಲ್ಟ್ರಾಲೈಟಿಗೆ ಗಾಳಿಯ ತಡೆ ಹೆಚ್ಚು, ಜಡತೆ ಕಡಿಮೆ. ಟೇಕಾಫ್ ಆಗಿ ಮೂಗು ಮೇಲೆತ್ತಿಕೊಂಡು ಏರುತ್ತಿರುವಾಗ ಎಂಜಿನ್ ನಿಂತರೆ ವೇಗ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಆ ಕ್ಷಣ ನಿಯಂತ್ರಣದ ಸ್ಟಿಕ್ಕನ್ನು ಮುಂದೆ ತಳ್ಳಿ ಮೂಗನ್ನು ನೆಲದ ಕಡೆಗೆ ತಿರುಗಿಸಬೇಕು. ನೆಲ ಹತ್ತಿರವಿದ್ದಾಗ ಹಾಗೆ ಮಾಡಲು ಕೈ ಒಪ್ಪುವುದಿಲ್ಲ, ಹಿಂದಕ್ಕೇ ಎಳೆಯುತ್ತದೆ. ಎಳೆದರೆ ಸ್ಟಾಲ್, ಸುಧಾರಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. ಇದು ಅಪರೂಪದ ಸಂದರ್ಭವೂ ಅಲ್ಲ. ಇಂಥ ಯಂತ್ರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೋಟಾಕ್ಸ್ ಟೂ-ಸ್ಟ್ರೋಕ್ ಎಂಜಿನ್ನಿನ ಕೈಪಿಡಿಯೇ ಎಂಜಿನ್ ಹಠಾತ್ತನೆ ನಿಲ್ಲಬಹುದು ಎಂದು ಎಚ್ಚರಿಸುತ್ತದೆ. ಸ್ಟಿಕ್ ಮುಂದೆ ತಳ್ಳುವ ಅಭ್ಯಾಸ ಪುಸ್ತಕ ಓದಿ ಬರುವಂಥದ್ದಲ್ಲ. ಪಕ್ಕದಲ್ಲಿ ಕೂತವರು ಹೇಳದೆ ಕೇಳದೆ ಥ್ರಾಟಲ್ ಇಳಿಸಿ, ಶಿಷ್ಯನ ಕೈ ಏನು ಮಾಡುತ್ತದೆಂದು ನೋಡಿ, ತಪ್ಪಾದರೆ ತಾವು ಹಿಡಿದು, ಮತ್ತೆ ಮತ್ತೆ ಮಾಡಿಸಿದಾಗ ಮಾತ್ರ ಬರುತ್ತದೆ.

ಗುರುವಿನ ಜೊತೆ ಕಲಿತವನಿಗೂ ಮೊದಲ ಸೋಲೋ (ಒಂಟಿ ಹಾರಾಟ) ಹೊಸ ಯಂತ್ರದ ಅನುಭವವೇ. ಒಟ್ಟು 450 ಕೆ.ಜಿ.ಯ ಎರಡು ಸೀಟಿನ ಮೈಕ್ರೊಲೈಟಿನಿಂದ 75 ಕೆ.ಜಿ.ಯ ಇನ್‌ಸ್ಟ್ರಕ್ಟರ್ ಇಳಿದರೆ ತೂಕದ ಆರನೇ ಒಂದು ಭಾಗ ಹೋಯಿತು. ವಿಮಾನ ಬೇಗ ನೆಲ ಬಿಡುತ್ತದೆ, ಕಡಿದಾಗಿ ಏರುತ್ತದೆ, ಇಳಿಯುವಾಗ ರನ್‌ವೇ ಮೇಲೆ ತೇಲುತ್ತಲೇ ಸಾಗುತ್ತದೆ. ಇದನ್ನು ಮೊದಲೇ ಹೇಳಿ, ಗಾಳಿ ಸತ್ತಿರುವ ಮುಂಜಾವನ್ನು ಆರಿಸಿ, ರನ್‌ವೇ ಅಂಚಿನಲ್ಲಿ ರೇಡಿಯೊ ಹಿಡಿದು ನಿಲ್ಲುವವರೊಬ್ಬರು ಬೇಕು.

ಹಿಂದೆ ಅಮೆರಿಕದಲ್ಲೂ ಇದಕ್ಕೊಂದು ದಾರಿಯಿತ್ತು. ತರಬೇತಿಗೆಂದೇ ಎರಡು ಸೀಟಿನ, 496 ಪೌಂಡ್ ವರೆಗಿನ ಅಲ್ಟ್ರಾಲೈಟುಗಳಿಗೆ ವಿನಾಯಿತಿ ಕೊಟ್ಟು, ಹಾರಾಟಗಾರರ ಸಂಘಟನೆಗಳ ಮೂಲಕ ಇನ್‌ಸ್ಟ್ರಕ್ಟರುಗಳನ್ನು ನೋಂದಾಯಿಸುತ್ತಿದ್ದರು. ಆದರೆ ವಿನಾಯಿತಿಯನ್ನು ದುರುಪಯೋಗ ಮಾಡಿಕೊಂಡು ಬರೀ ಮೋಜಿಗೆ ಎರಡು ಸೀಟಿನ ಯಂತ್ರ ಹಾರಿಸುವವರು ಹೆಚ್ಚಿದರು. 2004ರಲ್ಲಿ ಹಗುರ ವಿಮಾನಗಳಿಗೆ ಹೊಸ ವರ್ಗ ಮಾಡಿದ ಸ್ಪೋರ್ಟ್ ಪೈಲಟ್ ನಿಯಮ ಬಂತು, 2008ರ ಜನವರಿ 31ಕ್ಕೆ ವಿನಾಯಿತಿ ಮುಗಿಯಿತು. ಹೊಸ ವರ್ಗಕ್ಕೆ ಸೇರಿಸಿಕೊಂಡ ಹಳೆಯ ಯಂತ್ರಗಳಲ್ಲಿ ಹಣ ಪಡೆದು ಕಲಿಸಲು ಇದ್ದ ಅವಕಾಶವೂ 2010ರ ಜನವರಿಗೆ ಮುಗಿಯಿತು. ಆಮೇಲೆ ವಿಶೇಷ ಅನುಮತಿ ಪತ್ರ ಪಡೆದವರಷ್ಟೇ ಅವುಗಳಲ್ಲಿ ಹಣಕ್ಕೆ ಕಲಿಸಬಹುದಾಯಿತು. ದುರುಪಯೋಗ ತಡೆಯಲು ಹೊರಟ ಸರ್ಕಾರ ಗುರುವಿನ ಸೀಟನ್ನೇ ಕಿತ್ತುಹಾಕಿತು, ಒಂಟಿ ಸೀಟಿನ ಯಂತ್ರವನ್ನು ಮಾತ್ರ ಯಾರು ಬೇಕಾದರೂ ಹಾರಿಸಲು ಹಾಗೆಯೇ ಬಿಟ್ಟಿತು. ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆಯನ್ನು ಯೋಚಿಸುವುದು ಕಷ್ಟ.

ನನ್ನ ಜೀವ, ನನ್ನ ಅಪಾಯ, ಸರ್ಕಾರಕ್ಕೇನು ಎನ್ನುವವರಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹ್ಯಾಂಗ್ ಗ್ಲೈಡರಿಗೆ ಪುಟ್ಟ ಎಂಜಿನ್ ಕಟ್ಟಿ ಹಾರಿದ ಸಾಹಸಿಗಳಿಂದ ಹುಟ್ಟಿದ ಕ್ರೀಡೆ ಇದು, ಅದರ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ಆದರೆ ಅಪಾಯವನ್ನು ತಿಳಿದು ಒಪ್ಪಿಕೊಳ್ಳುವುದಕ್ಕೆ ಅದೇನೆಂದು ಗೊತ್ತಿರಬೇಕು. ಎಂಜಿನ್ ನಿಂತಾಗ ತನ್ನ ಕೈ ಯಾವ ಕಡೆ ಹೋಗುತ್ತದೆಂದು ತಿಳಿಯದವನ ಒಪ್ಪಿಗೆ ತಿಳಿದು ಕೊಟ್ಟ ಒಪ್ಪಿಗೆಯಲ್ಲ. ನಾನು ಕೇಳುತ್ತಿರುವುದು ಜೀವನಪೂರ್ತಿ ಲೈಸೆನ್ಸನ್ನಲ್ಲ, ಮೊದಲ ಸೋಲೋಗೆ ಒಂದು ಸಹಿಯನ್ನು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎನ್ನುವವರಿಗೆ ಒಂದೇ ಮಾತು: ನೋಂದಣಿಯೇ ಇಲ್ಲದ ಯಂತ್ರಗಳು ಎಷ್ಟು ಗಂಟೆ ಹಾರಿದವೆಂಬ ಲೆಕ್ಕ ಯಾರ ಬಳಿಯೂ ಇಲ್ಲ, ಹಾಗಿರುವಾಗ ಅವು ಸುರಕ್ಷಿತವೆಂದು ಸಾಧಿಸಲು ಬರುವುದಿಲ್ಲ. ಖರ್ಚು ಹೆಚ್ಚಿ ಕ್ರೀಡೆಯೇ ಸಾಯುತ್ತದೆ ಎಂಬ ಭಯಕ್ಕೆ ಕೆನಡಾ ಉತ್ತರ. ಅಲ್ಲಿ ಅಲ್ಟ್ರಾಲೈಟ್ ಪರ್ಮಿಟ್ಟಿಗೆ ಕನಿಷ್ಠ ಹತ್ತು ಗಂಟೆಯ ಹಾರಾಟ ಸಾಕು, ಅದರಲ್ಲಿ ಐದು ಗಂಟೆ ಇನ್‌ಸ್ಟ್ರಕ್ಟರ್ ಜೊತೆ. ಫ್ರಾನ್ಸ್ ಗಂಟೆಗಳ ಕನಿಷ್ಠ ಮಿತಿಯನ್ನೂ ಇಟ್ಟಿಲ್ಲ, ಶಿಷ್ಯ ತಯಾರಾದನೆಂದು ಇನ್‌ಸ್ಟ್ರಕ್ಟರ್ ಹೇಳಬೇಕು. ಎರಡೂ ದೇಶಗಳಲ್ಲಿ ಕ್ರೀಡೆ ಬದುಕಿದೆ. ಈಗ ಅಮೆರಿಕದಲ್ಲಿ ಇದೇ ಪಾರ್ಟ್ 103ರ ಅಡಿ ವಿದ್ಯುತ್ತಿನಲ್ಲಿ ನೇರ ಮೇಲೇಳುವ ಒಂಟಿ ಸೀಟಿನ ಯಂತ್ರಗಳು ಮಾರುಕಟ್ಟೆಗೆ ಬಂದಿವೆ. ಪಿವೊಟಲ್ ಕಂಪನಿ ತನ್ನ ‘ಹೆಲಿಕ್ಸ್’ ಕೊಳ್ಳುವವರಿಗೆ ತಾನೇ ತರಬೇತಿ ಕಡ್ಡಾಯ ಮಾಡಿದೆ. ತಯಾರಕರಿಗೆ ಕಂಡ ಅಗತ್ಯ ಕಾನೂನಿಗೆ ಕಂಡಿಲ್ಲ. ಅಂಥ ಯಂತ್ರ ಮುಂದೆ ಕೈಯಿಂದ ಕೈಗೆ ಮಾರಾಟವಾದರೆ ಕಂಪನಿಯ ಷರತ್ತು ಮೂರನೆಯವನನ್ನು ಕಟ್ಟಿಹಾಕುವುದಿಲ್ಲ.

ಸಹಿಯಿದ್ದರೆ ಸಾವು ತಪ್ಪುತ್ತದೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದು ನಮ್ಮ ನೆಲದಿಂದಲೇ ಬರುತ್ತದೆ. ಬೆಂಗಳೂರಿನ ರಾಜ್ ಹಂಸ ಕಂಪನಿ ಎಕ್ಸ್-ಏರ್ ಅಲ್ಟ್ರಾಲೈಟ್ ತಯಾರಿಸಿ ಹಲವು ದೇಶಗಳಿಗೆ ಕಳಿಸಿದೆ, ಆದರೆ ಅದನ್ನು ಇಲ್ಲಿ ಲೈಸೆನ್ಸ್ ಇಲ್ಲದೆ ಹಾರಿಸುವಂತಿಲ್ಲ. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಬಿಗಿ. ಆದರೂ ಒಂಟಿಯಾಗಿ ಹಾರುತ್ತಿದ್ದ ತರಬೇತಿ ಪೈಲಟುಗಳು 2020ರ ಸೆಪ್ಟೆಂಬರಿನಲ್ಲಿ ಆಜಂಗಢದಲ್ಲಿ, 2022ರ ಫೆಬ್ರವರಿಯಲ್ಲಿ ನಲ್ಗೊಂಡದಲ್ಲಿ, 2025ರ ಏಪ್ರಿಲಿನಲ್ಲಿ ಅಮ್ರೇಲಿಯಲ್ಲಿ ಪ್ರಾಣ ಕಳೆದುಕೊಂಡರು. ಅವರು ಹಾರಿಸುತ್ತಿದ್ದದ್ದು ಅಲ್ಟ್ರಾಲೈಟುಗಳನ್ನಲ್ಲ, ಲೈಸೆನ್ಸಿನ ಕಟ್ಟುಪಾಡಿರುವ ತರಬೇತಿ ವಿಮಾನಗಳನ್ನು. 2025ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ದೇಶದ ತರಬೇತಿ ಸಂಸ್ಥೆಗಳಿಗೆ ಮೊದಲ ಬಾರಿ ಶ್ರೇಣಿ ಕೊಟ್ಟಾಗ ಮೇಲಿನ ಎರಡು ದರ್ಜೆಗಳಿಗೆ ಒಂದೂ ಸಂಸ್ಥೆ ಏರಲಿಲ್ಲ. ಹಾಗೆಂದು ಸಹಿಯೇ ವ್ಯರ್ಥ ಎನ್ನಲಾಗದು. ಸಹಿ ಹಾಕುವವರ ಹೊಣೆ ಏನೆಂದು ಸಹಿಯ ಪುಟದಲ್ಲೇ ಸ್ಪಷ್ಟವಾಗಿ ಬರೆದಿರಬೇಕು: ಯಾವ ಯಂತ್ರ, ಯಾವ ಮೈದಾನ, ಎಷ್ಟು ಗಾಳಿಯವರೆಗೆ, ಎಷ್ಟು ದಿನ, ಎಂಜಿನ್ ನಿಲ್ಲಿಸಿ ಎಷ್ಟು ಬಾರಿ ಇಳಿಸಿ ನೋಡಿದ್ದಾರೆ, ಹಾರುವಾಗ ನೆಲದ ಮೇಲೆ ಯಾರು ನಿಂತಿರುತ್ತಾರೆ. ದುರ್ಘಟನೆಯಾದರೆ ತನಿಖೆಯವರು ಮೊದಲು ತೆರೆಯುವ ಪುಟ ಇದಾಗಬೇಕು. ಅಮೆರಿಕ ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಸೆಸ್ನಾ ಕಲಿಯುವವನಿಗೆ ಇರುವ ಸಹಿಯ ನಿಯಮವನ್ನೇ ಸರಳಗೊಳಿಸಿ ಪಾರ್ಟ್ 103ಕ್ಕೆ ಸೇರಿಸಲಿ. ಜೊತೆಗೆ, ನೋಂದಾಯಿತ ಇನ್‌ಸ್ಟ್ರಕ್ಟರುಗಳಿಗೆ ಮಾತ್ರ ಅನ್ವಯಿಸುವಂತೆ ಎರಡು ಸೀಟಿನ ತರಬೇತಿ ವಿನಾಯಿತಿಯನ್ನು ಮರಳಿ ತರಲಿ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ, ಸಹಿ ಕೇಳಿಕೊಂಡು ಬಂದವನಿಗೆ ಕಲಿಸಲು ಯಂತ್ರ ಸಿಗುವುದೇ ಕಷ್ಟವಾಗುತ್ತದೆ.