ಒಡೆಯರು, ಅತಿಥಿಗಳು ಮತ್ತು ಒಂದು ಗಂಡುಮಕ್ಕಳ ಶಾಲೆ

ಫಿಜಿಯ ಮೂಲ ಜನರ ಭಾಷೆಯಲ್ಲಿ ಎರಡು ಪದಗಳಿವೆ. ಒಂದು ತೌಕೇಯಿ, ಇನ್ನೊಂದು ವುಲಾಂಗಿ. ತೌಕೇಯಿ ಎಂದರೆ ನೆಲದ ಒಡೆಯ. ವುಲಾಂಗಿ ಎಂದರೆ ಹೊರಗಿನಿಂದ ಬಂದವನು, ಅತಿಥಿ. ಅತಿಥಿಗೆ ಅಲ್ಲಿ ಮರ್ಯಾದೆ ಇದೆ, ಊಟ ಇದೆ, ಮಲಗಲು ಚಾಪೆ ಇದೆ. ಆದರೆ ಮನೆಯ ವಿಚಾರಕ್ಕೆ ಅವನು ಬಾಯಿ ಹಾಕುವಂತಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗುವ ಭಾರತೀಯ ಮೂಲದವರನ್ನು ಕೂಡ ಆ ದೇಶದ ರಾಜಕೀಯ ಬಹಳ ಕಾಲ ವುಲಾಂಗಿ ಎಂದೇ ಕರೆಯಿತು. ಮುಂಬಯಿಯಲ್ಲೋ ಪುಣೆಯಲ್ಲೋ ಮೂರನೆಯ ತಲೆಮಾರು ಬೆಳೆಸಿಯೂ "ಅಂದರೆ, ನಿಮ್ಮ ಊರು ಯಾವುದು?" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರುವ ನಮಗೆ ಈ ಎರಡು ಪದಗಳ ನಡುವಿನ ದೂರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ಬರೆಯುತ್ತಿರುವುದು ಆ ತೌಕೇಯಿಗಳ ಗಂಡುಮಕ್ಕಳಿಗಾಗಿಯೇ ಕಟ್ಟಿದ ಒಂದು ಶಾಲೆಯ ಬಗ್ಗೆ. ಹೆಸರು ಕ್ವೀನ್ ವಿಕ್ಟೋರಿಯಾ ಸ್ಕೂಲ್. ಶುರುವಾದದ್ದು 1906ರಲ್ಲಿ. ರಾಣಿ ತೀರಿಕೊಂಡು ಐದು ವರ್ಷವಾಗಿತ್ತು.

ಮುಂದೆ ಹೋಗುವ ಮೊದಲು ಉಚ್ಚಾರದ ಒಂದು ಮಾತು. ಫಿಜಿಯ ಹೆಸರುಗಳನ್ನು ಬರೆಯುವುದೊಂದು, ಓದುವುದೊಂದು. ಮಿಷನರಿಗಳು ಇಂಗ್ಲಿಷ್ ಲಿಪಿಯನ್ನು ಆ ಭಾಷೆಗೆ ಹೊಂದಿಸುವಾಗ ಅಕ್ಷರ ಉಳಿಸಿದರು. 'ಬ' ಬರೆದರೆ 'ಂಬ', 'ಡ' ಬರೆದರೆ 'ಂದ' ಎಂದು ಓದಬೇಕು. ವಿಮಾನ ಇಳಿಯುವ ಊರನ್ನು ಪತ್ರಿಕೆಗಳು 'ನಡಿ' ಎನ್ನುತ್ತವೆ, ಊರಿನವರು 'ನಾಂದಿ' ಎನ್ನುತ್ತಾರೆ. ನಾಟಕ ನೋಡಿ ಬೆಳೆದ ಕನ್ನಡಿಗರಿಗೆ ಇದು ಮರೆಯದ ಹೆಸರು. ಹಾಗೆಯೇ ಪತ್ರಿಕೆಯ ರಬುಕಾ ನಿಜಕ್ಕೂ ರಂಬುಕಾ. ಆತ ಈ ಶಾಲೆಯ ಹುಡುಗ. ಆತನ ವಿಚಾರ ಮುಂದೆ ಬರುತ್ತದೆ.

1874ರ ಅಕ್ಟೋಬರ್ 10ರಂದು ಲೆವುಕಾ ಎಂಬ ಬಂದರಿನಲ್ಲಿ ಫಿಜಿಯ ನಾಯಕರು ತಮ್ಮ ದ್ವೀಪಗಳನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿ ಸಹಿ ಹಾಕಿದರು. ಮರುವರ್ಷ ಗವರ್ನರ್ ಆಗಿ ಬಂದ ಆರ್ಥರ್ ಗಾರ್ಡನ್ ಎರಡು ಕೆಲಸ ಮಾಡಿದ. ಒಂದು, ಫಿಜಿಯನ್ನರ ಭೂಮಿಯನ್ನು ಬಿಳಿಯರಿಗೆ ಮಾರುವುದನ್ನು ತಡೆದ. ಊರಿನ ಆಡಳಿತವನ್ನು ನಾಯಕರ ಕೈಯಲ್ಲೇ ಬಿಟ್ಟು, 1876ರಲ್ಲಿ ಅವರದೊಂದು ಮಹಾಸಭೆ ಕಟ್ಟಿದ. ಇಂದಿಗೂ ಫಿಜಿಯ ನೆಲದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಮೂಲ ಜನರ ಕುಲಗಳ ಹೆಸರಿನಲ್ಲೇ ಇದೆ. ಅಮೆರಿಕ, ಆಸ್ಟ್ರೇಲಿಯಾಗಳ ಮೂಲ ಜನರಿಗೆ ಆದದ್ದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಕೆಲಸ ನಮಗೆ ಸಂಬಂಧಿಸಿದ್ದು. ಫಿಜಿಯನ್ನರನ್ನು ಅವರ ಹಳ್ಳಿಯಲ್ಲೇ ಇರಗೊಟ್ಟರೆ ತೋಟದಲ್ಲಿ ದುಡಿಯುವವರು ಯಾರು? ಗಾರ್ಡನ್ ಹಿಂದೆ ಮಾರಿಷಸ್ ಮತ್ತು ಟ್ರಿನಿಡಾಡ್‌ಗಳಲ್ಲಿ ಗವರ್ನರ್ ಆಗಿದ್ದವನು. ಉತ್ತರ ಅವನಿಗೆ ಗೊತ್ತಿತ್ತು. 1879ರ ಮೇ 14ರಂದು ಲಿಯೋನಿಡಾಸ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಗಳನ್ನು ತಂದಿಳಿಸಿತು. 1916ರವರೆಗೆ ಬಂದವರು ಅರವತ್ತು ಸಾವಿರಕ್ಕೂ ಹೆಚ್ಚು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ಒಟ್ಟು ಕೂಲಿಗಳಲ್ಲಿ ಸುಮಾರು ಕಾಲು ಭಾಗ ದಕ್ಷಿಣದವರು. ಐದು ವರ್ಷದ ಕರಾರು, ಗಂಡಾಳಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹತ್ತು ಅಡಿ ಉದ್ದ ಏಳು ಅಡಿ ಅಗಲದ ಕೋಣೆಯಲ್ಲಿ ಮೂವರು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯರಾದರು. (ನಮ್ಮ ಹುಬ್ಬಳ್ಳಿಯ ಗಿರ್ಮಿಟ್‌ಗೂ ಇದಕ್ಕೂ ಸಂಬಂಧವಿಲ್ಲ. ಧಾರವಾಡ ಕಡೆಯ ಓದುಗರು ಪತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ.) ಆ ಐದು ವರ್ಷಕ್ಕೆ ಅವರೇ ಇಟ್ಟ ಇನ್ನೊಂದು ಹೆಸರು ನರಕ.

ಹೀಗೆ ಫಿಜಿಯನ್ನರ ನೆಲವನ್ನು ಉಳಿಸಿದ್ದೂ ನಮ್ಮವರ ಬೆನ್ನು ಮುರಿದದ್ದೂ ಒಂದೇ ಲೆಕ್ಕಾಚಾರದ ಎರಡು ಬದಿ. ಕ್ವೀನ್ ವಿಕ್ಟೋರಿಯಾ ಶಾಲೆ ಹುಟ್ಟಿದ್ದು ಇದರ ನಡುವೆ. ನಾಯಕರ ಮೂಲಕ ಆಳಬೇಕಾದರೆ ಇಂಗ್ಲಿಷ್ ಬಲ್ಲ, ಕಡತ ಓದಬಲ್ಲ ನಾಯಕರು ಬೇಕು. ರಾಜಕುಮಾರರಿಗೆಂದು ಅಜ್ಮೀರಿನಲ್ಲಿ ಮೇಯೋ ಕಾಲೇಜು ಕಟ್ಟಿದ ಸಾಮ್ರಾಜ್ಯಕ್ಕೆ ಈ ವಿದ್ಯೆ ಹೊಸದೇನಲ್ಲ. ಮೊದಲು ಶಾಲೆ ಇದ್ದದ್ದು ಸುವಾ ಪಟ್ಟಣದ ಹತ್ತಿರ ನಸಿನುವಿನಲ್ಲಿ. ಅಲ್ಲಿಂದ ರಾ ಪ್ರಾಂತ್ಯದ ನಾನುಕುಲೋವಾಕ್ಕೆ ಹೋಗಿ, ಕಡೆಗೆ ತೈಲೆವು ಪ್ರಾಂತ್ಯದ ಮತವತುಧೊವು ಎಂಬಲ್ಲಿ ನೆಲೆ ನಿಂತಿತು. ಊರಿನವರು ಇದನ್ನು ಕರೆಯುವುದು 'ವುಲಿ ನಿ ತು' ಎಂದು. ಹಾಗೆಂದರೆ ನಾಯಕರ ಶಾಲೆ.

ಶಾಲೆಯ ಒಳಗಿನ ಬದುಕು ಮೇಯೋದ ಹಾಗೆ ಆಳುಕಾಳುಗಳ ವೈಭವದ್ದಲ್ಲ. ಹಾಸ್ಟೆಲ್ಲಿನಲ್ಲಿರುವ ಹುಡುಗರು ತೋಟದಲ್ಲಿ ಕೆಸುವಿನ ಗೆಡ್ಡೆ, ಮರಗೆಣಸು ಬೆಳೆಯಬೇಕು. ಕೆಡೆಟ್ ಕವಾಯತು, ಪ್ರಾರ್ಥನೆ, ರಗ್ಬಿ. ರಗ್ಬಿ ಅಂದೆನಲ್ಲ, ಅದು ಅಲ್ಲಿ ಆಟವಲ್ಲ, ವ್ರತ. ಅದೇ ತೈಲೆವು ಪ್ರಾಂತ್ಯದ ಲೊದೊನಿಯಲ್ಲಿರುವ ರಾತು ಕದವುಲೆವು ಶಾಲೆಗೂ ಇದಕ್ಕೂ ಪಂದ್ಯ ಇದೆ ಎಂದರೆ ಹಳೆಯ ವಿದ್ಯಾರ್ಥಿಗಳು ಬಣ್ಣದ ಬಟ್ಟೆ ತೊಟ್ಟು ಬಸ್ಸು ಹತ್ತುತ್ತಾರೆ; ಮಂತ್ರಿಯೂ ಮೇಸ್ತ್ರಿಯೂ ಒಂದೇ ಸಾಲಿನಲ್ಲಿ ಕೂತು ಕೂಗುತ್ತಾರೆ. ಈ ಬೆಂಚುಗಳಲ್ಲಿ ಕೂತವರಲ್ಲಿ ರಾತು ಜಾರ್ಜ್ ಥಾಕೊಂಬಾವು 1973ರಲ್ಲಿ ದೇಶದ ಮೊದಲ ಫಿಜಿಯನ್ ಗವರ್ನರ್ ಜನರಲ್ ಆದರು. ಆಮೇಲೆ ಅದೇ ಹುದ್ದೆಗೆ ಬಂದ ರಾತು ಪೆನಾಯ ಗನಿಲಾವು ಕೂಡ ಈ ಶಾಲೆಯವರೇ. ರಾತು ಎಂದರೆ ನಾಯಕ ಮನೆತನದ ಗಂಡಸಿನ ಬಿರುದು, ನಮ್ಮ 'ಅರಸು' ಇದ್ದ ಹಾಗೆ. ಬರಬರುತ್ತಾ ಬಿರುದಿಲ್ಲದ ಮನೆಯ ಬುದ್ಧಿವಂತ ಹುಡುಗರಿಗೂ ಬಾಗಿಲು ತೆರೆಯಿತು. ತೆರೆಯದೆ ಉಳಿದದ್ದು ಕಬ್ಬಿನ ಗದ್ದೆಯವರ ಮಕ್ಕಳಿಗೆ.

ಹಾಗಾದರೆ ಅವರ ಮಕ್ಕಳು ಎಲ್ಲಿ ಓದಿದರು? ಸರ್ಕಾರ ಅವರ ಓದಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಕಬ್ಬಿನ ಕಂಪನಿಗಂತೂ ಓದಿದ ಕೂಲಿಯೇ ಬೇಕಾಗಿರಲಿಲ್ಲ. ಕಂಪನಿಯ ಸಾಲಮನೆಗಳ ಆಚೆ ಸೀಮೆಎಣ್ಣೆ ದೀಪದಲ್ಲಿ ಅಕ್ಷರ ಕಲಿಸುವವರು ಹುಟ್ಟಿಕೊಂಡರು. ಆರ್ಯಸಮಾಜದವರು 1918ರಲ್ಲಿ ಸವೇನಿಯಲ್ಲಿ ಗುರುಕುಲ ತೆರೆದರು. ದಕ್ಷಿಣದವರ 'ತೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಘ' 1926ರಲ್ಲಿ ಸಾಧು ಕುಪ್ಪುಸ್ವಾಮಿಯವರ ಮುಂದಾಳ್ತನದಲ್ಲಿ ಶುರುವಾಗಿ ಊರೂರಿಗೆ ಶಾಲೆ ಕಟ್ಟಿತು. 1949ರಲ್ಲಿ ನಾಂದಿಯಲ್ಲಿ ವಿವೇಕಾನಂದರ ಹೆಸರಿನ ಹೈಸ್ಕೂಲು ಬಂತು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಪುಸ್ತಕ ಹಿಡಿದ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆ ನಡೆಸಿದ ಹಿರಿಯರನ್ನು ನೋಡಿದವರಿಗೆ ಈ ಕಥೆಯ ವಾಸನೆ ಚೆನ್ನಾಗಿ ಗೊತ್ತು. ಬಂದ ಊರಿನಲ್ಲಿ ಕಾಲೂರಲು ವಲಸಿಗ ಮೊದಲು ದೇವರಿಗೊಂದು ಗುಡಿ, ಆಮೇಲೆ ಮಕ್ಕಳಿಗೊಂದು ಶಾಲೆ ಕಟ್ಟುತ್ತಾನೆ.

ಆದರೆ ಇದರ ಫಲ ಏನಾಯಿತು ನೋಡಿ. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಫಿಜಿಯನ್ನರಿಗೆ ಒಂದು, ಭಾರತೀಯರಿಗೆ ಇನ್ನೊಂದು. ಪುಟ್ಟ ದ್ವೀಪದಲ್ಲಿ ಅಕ್ಕಪಕ್ಕ ಹುಟ್ಟಿದ ಹುಡುಗರು ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕದೆ ದೊಡ್ಡವರಾದರು. ಒಂದು ಹುಡುಗ ಕೂಟ ಆಳುವುದಕ್ಕೆ, ಸೈನ್ಯಕ್ಕೆ ತಯಾರಾಯಿತು. ಇನ್ನೊಂದು ಲೆಕ್ಕಪತ್ರಕ್ಕೆ, ವಕೀಲಿಗೆ, ಅಂಗಡಿಗೆ. ಪರಸ್ಪರ ಭಯವನ್ನು ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಅಪವಾದ ಇರಲಿಲ್ಲವೆಂದಲ್ಲ. ಸುವಾದ ಫ್ಲ್ಯಾಗ್‌ಸ್ಟಾಫ್ ಬಡಾವಣೆಯಲ್ಲಿ ಕ್ಯಾಥೊಲಿಕ್ ಸನ್ಯಾಸಿಗಳು 1937ರಲ್ಲಿ ಕಟ್ಟಿದ ಮಾರಿಸ್ಟ್ ಬ್ರದರ್ಸ್ ಹೈಸ್ಕೂಲು, ಅದೂ ಗಂಡುಮಕ್ಕಳ ಶಾಲೆಯೇ, ಎಲ್ಲ ಜನಾಂಗದ ಹುಡುಗರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿತು. ಅಂತರ ಶಾಲಾ ಕ್ರೀಡಾಕೂಟದ ಓಟ, ಜಿಗಿತಗಳಲ್ಲಿ ಅದರ ಹೆಸರು ದೊಡ್ಡದು. ಆದರೆ ಪಟ್ಟಣದ ಒಂದೆರಡು ಶಾಲೆ ದೇಶವಾಗುವುದಿಲ್ಲ.

ಈಗ ರಂಬುಕಾ. ಸಿತಿವೇನಿ ರಂಬುಕಾ 1948ರಲ್ಲಿ ಥಾಕೌಂದ್ರೊವೆ ಪ್ರಾಂತ್ಯದ ಸಾಮಾನ್ಯ ಮನೆಯಲ್ಲಿ ಹುಟ್ಟಿದವರು, ರಾತು ಅಲ್ಲ. ಕ್ವೀನ್ ವಿಕ್ಟೋರಿಯಾದಲ್ಲಿ ಓದಿದರು, ದೇಶದ ಪರ ರಗ್ಬಿ ಆಡಿದರು, ಸೈನ್ಯ ಸೇರಿದರು. ಇಲ್ಲೊಂದು ಸಂಗತಿ ಚೆನ್ನೈ ಓದುಗರಿಗಾಗಿ: ಅವರು ಸೇನಾಧಿಕಾರಿಯ ಉನ್ನತ ತರಬೇತಿ ಪಡೆದದ್ದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ನಮ್ಮ ಡಿಫೆನ್ಸ್ ಸರ್ವೀಸಸ್ ಸ್ಟಾಫ್ ಕಾಲೇಜಿನಲ್ಲಿ, 1979ರಲ್ಲಿ. ಅಂದರೆ ಲಿಯೋನಿಡಾಸ್ ಫಿಜಿ ತಲುಪಿ ಸರಿಯಾಗಿ ನೂರು ವರ್ಷಕ್ಕೆ.

1987ರ ಏಪ್ರಿಲ್‌ನಲ್ಲಿ ಡಾ. ತಿಮೊಥಿ ಬವಾಂದ್ರಾ ಪ್ರಧಾನಿಯಾದರು. ಅವರು ಮೂಲ ಫಿಜಿಯನ್ನರೇ. ಆದರೆ ಅವರ ಮೈತ್ರಿಕೂಟಕ್ಕೆ ಮತ ಹಾಕಿದವರಲ್ಲಿ ಹೆಚ್ಚಿನವರು ಭಾರತೀಯ ಮೂಲದವರು. 'ಮನೆ ಅತಿಥಿಯ ಪಾಲಾಯಿತು' ಎಂಬ ಕೂಗೆದ್ದಿತು; ತೌಕೇಯಿ ಎಂಬ ಹೆಸರಿನಲ್ಲೇ ಚಳವಳಿ ಬೀದಿಗಿಳಿಯಿತು. ಒಂದೇ ತಿಂಗಳಿಗೆ, ಮೇ 14ರ ಬೆಳಿಗ್ಗೆ ಹತ್ತು ಗಂಟೆಗೆ, ಮುಖವಾಡ ತೊಟ್ಟ ಸೈನಿಕರು ಸಂಸತ್ತಿನೊಳಗೆ ನುಗ್ಗಿದರು. ಪ್ರೇಕ್ಷಕರ ಸಾಲಿನಲ್ಲಿ ಸಾದಾ ಉಡುಪಿನಲ್ಲಿ ಕೂತಿದ್ದ ಲೆಫ್ಟಿನೆಂಟ್ ಕರ್ನಲ್ ರಂಬುಕಾ ಎದ್ದು ನಿಂತರು. ತಾರೀಖು ಗಮನಿಸಿ: ಮೊದಲ ಗಿರ್ಮಿಟಿಯರು ಬಂದ ದಿನವೇ. ಗವರ್ನರ್ ಜನರಲ್ ಆಗ ಗನಿಲಾವು. ರಂಬುಕಾ ಅವರದೇ ಪ್ರಾಂತ್ಯದ, ಅವರದೇ ಶಾಲೆಯ ಹುಡುಗ. ಹಿರಿಯರು ಮಾತಿಗೆ ಮಾತು ಸೇರಿಸಿ ಒಪ್ಪಂದ ಮಾಡಿಸಲು ನೋಡಿದರು. ಸೆಪ್ಟೆಂಬರ್‌ನಲ್ಲಿ ರಂಬುಕಾ ಎರಡನೆಯ ಸಲ ಅಧಿಕಾರ ಕಿತ್ತುಕೊಂಡು, ಅಕ್ಟೋಬರ್‌ನಲ್ಲಿ ಗಣರಾಜ್ಯ ಘೋಷಿಸಿದರು. ಯಾವ ರಾಣಿಯ ಹೆಸರಿನ ಶಾಲೆಯಲ್ಲಿ ಕಲಿತರೋ ಆ ರಾಣಿಯ ಮನೆತನದ ಪಟ್ಟವನ್ನೇ ಇಳಿಸಿದರು.

ಒಬ್ಬ ಹಳೆಯ ವಿದ್ಯಾರ್ಥಿ ಮಾಡಿದ್ದಕ್ಕೆ ಶಾಲೆಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಆ ಲೆಕ್ಕದಲ್ಲಿ ಹೋದರೆ, 2006ರಲ್ಲಿ ದಂಗೆ ಎಬ್ಬಿಸಿದ ಸೇನಾ ದಂಡನಾಯಕ ಬೈನಿಮರಾಮಾ ಓದಿದ್ದು ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಮಾರಿಸ್ಟ್ ಶಾಲೆಯಲ್ಲಿ! ಅವರು ಅಧಿಕಾರ ಹಿಡಿದದ್ದು ಜನಾಂಗ ರಾಜಕೀಯ ಮುಗಿಸುತ್ತೇನೆಂಬ ಮಾತಿನ ಮೇಲೆ. ನಾಯಕರ ಮಹಾಸಭೆಯನ್ನೇ ಮುಚ್ಚಿಸಿದರು, ನಾಗರಿಕರೆಲ್ಲರೂ ಫಿಜಿಯನ್ನರೇ ಎಂದು 2013ರ ಸಂವಿಧಾನದಲ್ಲಿ ಬರೆಸಿದರು. ಅದು ಬಂದೂಕಿನ ಬಲದಿಂದ ಬಂದ ಸಮಾನತೆ. ಆದರೂ, ಫಿಜಿಯಲ್ಲಿ ಹುಟ್ಟಿಯೂ 'ಫಿಜಿಯನ್' ಅನ್ನಿಸಿಕೊಳ್ಳದೆ ಸತ್ತ ತಾತಂದಿರ ಮೊಮ್ಮಕ್ಕಳಿಗೆ ಪಾಸ್‌ಪೋರ್ಟಿನ ಆ ಪದ ಏನೆಂದು ನಾವು ದೂರದಿಂದ ತೀರ್ಪು ಕೊಡುವುದು ಬೇಡ.

ಶಾಲೆಯ ಬಗ್ಗೆ ನನ್ನ ತಕರಾರು ಬೇರೆ. ಆಳುವುದನ್ನು ಕಲಿಸಿದ ಆ ಎಂಬತ್ತು ವರ್ಷದಲ್ಲಿ, ಆಳಿಸಿಕೊಳ್ಳುವವರಲ್ಲಿ ಅರ್ಧದಷ್ಟು ಜನ ಆ ಕೊಠಡಿಯಲ್ಲಿ ಒಬ್ಬ ಗೆಳೆಯನಾಗಿಯೂ ಇರಲಿಲ್ಲ. 1986ರ ಜನಗಣತಿಯಲ್ಲಿ ಭಾರತೀಯ ಮೂಲದವರು ನೂರಕ್ಕೆ 48ಕ್ಕಿಂತ ಹೆಚ್ಚಿದ್ದರು. 2007ರ ಹೊತ್ತಿಗೆ 37ರ ಆಸುಪಾಸಿಗೆ ಇಳಿದರು. ಉಳಿದವರು ಆಕ್ಲೆಂಡ್, ಸಿಡ್ನಿ, ವ್ಯಾಂಕೂವರ್‌ಗಳಲ್ಲಿದ್ದಾರೆ. ಡಾಕ್ಟರು, ಮೇಷ್ಟ್ರು, ನರ್ಸು, ಅಕೌಂಟೆಂಟು ಎಲ್ಲ ಹೊರಟರು. ಎರಡನೆಯ ಸಲ ವಲಸೆ, ಎರಡನೆಯ ಸಲ 'ಎಲ್ಲಿಯವರು' ಎಂಬ ಪ್ರಶ್ನೆ; ಅಲ್ಲಿ ಅವರು 'ಫಿಜಿ' ಎಂದೇ ಉತ್ತರಿಸುತ್ತಾರೆ.

ರಂಬುಕಾ ಅವರ ಕಥೆ 1987ಕ್ಕೆ ನಿಲ್ಲಲಿಲ್ಲ. 1992ರಲ್ಲಿ ಚುನಾಯಿತ ಪ್ರಧಾನಿಯಾದರು. ಭಾರತೀಯರ ನಾಯಕ ಜೈರಾಮ್ ರೆಡ್ಡಿಯವರ ಜೊತೆ ಕೂತು 1997ರಲ್ಲಿ ಹೊಸ ಸಂವಿಧಾನ ತಂದರು. ಅದೇ ವರ್ಷ ರೆಡ್ಡಿ ನಾಯಕರ ಮಹಾಸಭೆಯಲ್ಲಿ ಮಾತಾಡಿದರು, ಆ ಸಭೆಯಲ್ಲಿ ಮಾತಾಡಿದ ಮೊದಲ ಭಾರತೀಯ ಮುಖಂಡ. ಇಬ್ಬರೂ 1999ರ ಚುನಾವಣೆಯಲ್ಲಿ ಸೋತರು. ರಾಜಿ ಮಾಡಿಕೊಂಡವರನ್ನು ಎರಡೂ ಕಡೆಯವರು ಒಟ್ಟಿಗೇ ಶಿಕ್ಷಿಸಿದ್ದು ಹೀಗೆ. ಗೆದ್ದ ಮಹೇಂದ್ರ ಚೌಧರಿಯವರ ಸರ್ಕಾರವನ್ನು 2000ದ ಮೇ ತಿಂಗಳಲ್ಲಿ ಬಂದೂಕುಗಾರರು ಸಂಸತ್ತಿನಲ್ಲೇ 56 ದಿನ ಒತ್ತೆ ಇಟ್ಟರು.

2022ರ ಕೊನೆಗೆ ಎಪ್ಪತ್ತನಾಲ್ಕರ ರಂಬುಕಾ ಮತ್ತೆ ಪ್ರಧಾನಿಯಾದರು. 2023ರ ಮೇ 14ರಂದು ಸುವಾದಲ್ಲಿ ದೊಡ್ಡ ಪ್ರಾರ್ಥನಾ ಸಭೆ ಸೇರಿತು. ವೇದಿಕೆಯ ಮೇಲೆ ನಿಂತು ಅವರು 1987ರಲ್ಲಿ ತಾನೂ ತನ್ನ ಜೊತೆಯವರೂ ಮಾಡಿದ್ದಕ್ಕೆ ಭಾರತೀಯ ಮೂಲದವರ ಕ್ಷಮೆ ಕೇಳಿದರು. ಸಭೆಯಲ್ಲಿ ಮಹೇಂದ್ರ ಚೌಧರಿಯವರೂ ಇದ್ದರು. ಮರುದಿನ ಸೋಮವಾರ ದೇಶಕ್ಕೆಲ್ಲ ರಜೆ: ಗಿರ್ಮಿಟ್ ದಿನ, ಮೊದಲ ಬಾರಿಗೆ ಸರ್ಕಾರಿ ರಜೆಯಾಗಿ. ಮತವತುಧೊವಿನ ಶಾಲೆಗೂ ಅಂದು ರಜೆ ಇತ್ತು.