ಹಾಟ್ ಸೀಟಿನಲ್ಲಿ ಪರೀಕ್ಷೆಗೊಳಗಾಗುವುದು ಯಾವುದು?

ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ರಸಪ್ರಶ್ನೆಯ ಆಟವೊಂದು 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಅವರ ಕಂಠದೊಡನೆ ಭಾರತದ ಮನೆಮನೆಗಳನ್ನು ಪ್ರವೇಶಿಸಿತು. 2012ರ ಮಾರ್ಚ್‌ನಲ್ಲಿ ಅದೇ ಆಟ 'ಕನ್ನಡದ ಕೋಟ್ಯಧಿಪತಿ'ಯಾಗಿ ನಮ್ಮ ಭಾಷೆಗೂ ಬಂದಿತು. ಪುನೀತ್ ರಾಜ್‌ಕುಮಾರ್ ಅವರ ಸಹಜ ಸೌಜನ್ಯ ಅದಕ್ಕೆ ದೊಡ್ಡ ಪ್ರೇಕ್ಷಕ ವರ್ಗವನ್ನೇ ದೊರಕಿಸಿಕೊಟ್ಟಿತು. ಜಾತಿ, ಶಿಫಾರಸು, ಪದವಿ ಯಾವುದನ್ನೂ ಕೇಳದೆ ಕೇವಲ ತಿಳಿವಳಿಕೆಗೆ ಬೆಲೆ ಕೊಡುವ ವೇದಿಕೆ ಇದು ಎಂಬ ಪ್ರಶಂಸೆ ಅಂದಿನಿಂದಲೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಸ್ಪರ್ಧಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಅನುಸರಿಸಿ ನೋಡಿದರೆ, ಆಟ ಮೇಲೇರಿದಂತೆ ಪರೀಕ್ಷೆಗೊಳಗಾಗುವ ವಸ್ತುವೇ ಬದಲಾಗುವುದು ಕಾಣುತ್ತದೆ.

2000ದಲ್ಲಿ ಹಿಂದಿ ಆವೃತ್ತಿ ಅನುಸರಿಸಿದ ಕ್ರಮವನ್ನೇ ತೆಗೆದುಕೊಳ್ಳೋಣ. ಒಟ್ಟು ಹದಿನೈದು ಪ್ರಶ್ನೆಗಳು. ಐದನೆಯದಕ್ಕೆ ಸರಿಯುತ್ತರ ಕೊಟ್ಟವರಿಗೆ 10 ಸಾವಿರ ರೂಪಾಯಿ ಖಾತರಿ, ಹತ್ತನೆಯದಕ್ಕೆ 3.20 ಲಕ್ಷ ಖಾತರಿ. ಹನ್ನೊಂದನೆಯ ಪ್ರಶ್ನೆಯಲ್ಲಿ ತಪ್ಪಿದರೂ ಕೈಯಲ್ಲಿರುವುದು ಕರಗುವುದಿಲ್ಲ. ಅಲ್ಲಿಯವರೆಗೆ ತಿಳಿವಳಿಕೆಯ ಪಾತ್ರವೇ ಹೆಚ್ಚು. ಹನ್ನೆರಡರಿಂದ ಮುಂದೆ ತಪ್ಪು ಉತ್ತರದ ದಂಡ ಭಾರಿಯಾಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಬಂದಷ್ಟು ಹಣ ಪಡೆದು ಆಟ ಬಿಡುವ ಸ್ವಾತಂತ್ರ್ಯವೇನೋ ಸ್ಪರ್ಧಿಗೆ ಇದೆ. ಬಿಡಬೇಕೋ ಆಡಬೇಕೋ ಎಂಬ ಆ ತೊಳಲಾಟವೇ ವೀಕ್ಷಕರನ್ನು ಪರದೆಯ ಮುಂದೆ ಹಿಡಿದಿಡುವುದು.

ಇಬ್ಬರು ಸ್ಪರ್ಧಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಬೆಂಗಳೂರಿನ ಜಯನಗರದಲ್ಲಿ ಸ್ವಂತ ಮನೆಯುಳ್ಳ ಬ್ಯಾಂಕ್ ಅಧಿಕಾರಿ. ಇನ್ನೊಬ್ಬರು ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ, ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವ ಕುಟುಂಬದ ಪದವೀಧರೆ. ಇಬ್ಬರೂ ಹನ್ನೆರಡು ಪ್ರಶ್ನೆ ದಾಟಿ 12.50 ಲಕ್ಷ ಗೆದ್ದಿದ್ದಾರೆ. ಹದಿಮೂರನೆಯ ಪ್ರಶ್ನೆಯ ಬೆಲೆ 25 ಲಕ್ಷ. ಲೈಫ್‌ಲೈನ್ ಬಳಸಿದ ಮೇಲೆ ನಾಲ್ಕರಲ್ಲಿ ಎರಡು ಉತ್ತರಗಳು ಉಳಿದಿವೆ. ಯಾವುದು ಸರಿ ಎಂಬುದು ಇಬ್ಬರಿಗೂ ತಿಳಿಯದು. ಗೆದ್ದರೆ 25 ಲಕ್ಷ, ಸೋತರೆ 3.20 ಲಕ್ಷ. ಸಂಭಾವ್ಯತೆಯ ಲೆಕ್ಕದಲ್ಲಿ ಈ ಪಣದ ಸರಾಸರಿ ಮೌಲ್ಯ 14.10 ಲಕ್ಷ. ಕೈಯಲ್ಲಿರುವ 12.50 ಲಕ್ಷಕ್ಕಿಂತ ಅದು ಹೆಚ್ಚು. ಆದ್ದರಿಂದ ಶುದ್ಧ ಅಂಕಗಣಿತ 'ಆಡು' ಎನ್ನುತ್ತದೆ.

ಬ್ಯಾಂಕ್ ಅಧಿಕಾರಿ ಆಡಬಹುದು. ಸೋತರೆ ಒಂದು ರಾತ್ರಿಯ ನಿದ್ದೆ ಕೆಡಬಹುದೇ ಹೊರತು ಅವರ ಜೀವನಕ್ರಮ ಬದಲಾಗದು. ನೀಲಗುಂದದ ಯುವತಿಗೆ ಕಳೆದುಹೋಗಬಹುದಾದ 9.30 ಲಕ್ಷವೆಂದರೆ ಸಾಲದ ತೀರುವಳಿ, ಕೊಳವೆಬಾವಿ, ತಮ್ಮನ ಓದು. ಆಕೆ ಆಟ ಬಿಡುತ್ತಾಳೆ, ಬಿಡುವುದೇ ವಿವೇಕ. ಹಣ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ರೂಪಾಯಿಯಿಂದ ದೊರೆಯುವ ತುಷ್ಟಿಗುಣ ಇಳಿಯುತ್ತದೆ, ಆದಕಾರಣ ಒಂದೇ ಪಣ ಬಡವನಿಗೂ ಧನಿಕನಿಗೂ ಒಂದೇ ಅಲ್ಲ ಎಂದು ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದ. ಇಬ್ಬರ ತಿಳಿವಳಿಕೆಯೂ ಸಮಾನವಾಗಿದ್ದಾಗ ಇಲ್ಲಿ ವ್ಯತ್ಯಾಸವನ್ನು ನಿರ್ಧರಿಸಿದ್ದು ನಷ್ಟವನ್ನು ತಾಳಿಕೊಳ್ಳುವ ಶಕ್ತಿ. ಅಂದರೆ ಆಟದ ಮೇಲಿನ ಮೆಟ್ಟಿಲುಗಳು ಹಣವಿದ್ದವರಿಗೇ ಹೆಚ್ಚು ಸಲೀಸು.

ಸರ್ಕಾರದ ದೃಷ್ಟಿಯಲ್ಲೂ ಇದು ವಿದ್ಯೆಯ ಸಂಪಾದನೆಯಲ್ಲ. 2001ರ ಹಣಕಾಸು ಕಾಯ್ದೆ ಟಿ.ವಿ. ಸ್ಪರ್ಧೆಗಳ ಬಹುಮಾನವನ್ನು ಲಾಟರಿ, ಇಸ್ಪೀಟು, ಕುದುರೆ ಜೂಜಿನ ಗೆಲುವಿನ ಸಾಲಿಗೆ ಸೇರಿಸಿತು. ಅದರ ಮೇಲೆ ಮೂಲದಲ್ಲೇ ಶೇ 30ರ ತೆರಿಗೆ. ಸಂಬಳದಾರನಿಗೆ ದೊರೆಯುವ ಕನಿಷ್ಠ ವಿನಾಯಿತಿ ಮಿತಿಯ ರಕ್ಷಣೆಯೂ ಈ ಹಣಕ್ಕೆ ಇಲ್ಲ. ಹೀಗಾಗಿ ವರ್ಷವಿಡೀ ತೆರಿಗೆಯ ವ್ಯಾಪ್ತಿಗೇ ಬಾರದಷ್ಟು ಆದಾಯವಿರುವ ಕುಟುಂಬದ ಯುವತಿಯೂ, ಉನ್ನತ ಹಂತದ ತೆರಿಗೆ ಕಟ್ಟುವ ಅಧಿಕಾರಿಯೂ ಒಂದೇ ದರದಲ್ಲಿ ತೆರಬೇಕು. ಯುವತಿಯ 12.50 ಲಕ್ಷದಲ್ಲಿ 3.75 ಲಕ್ಷ ಮನೆ ತಲುಪುವ ಮೊದಲೇ ಕಡಿತವಾಗುತ್ತದೆ.

ಗೆದ್ದವರ ಬದುಕೂ ಅಷ್ಟು ಸರಳವಲ್ಲ. ಬಿಹಾರದ ಸುಶೀಲ್ ಕುಮಾರ್ 2011ರಲ್ಲಿ ಹಿಂದಿ ಆವೃತ್ತಿಯಲ್ಲಿ 5 ಕೋಟಿ ಗೆದ್ದಾಗ ಉದ್ಯೋಗ ಖಾತರಿ ಯೋಜನೆಯಲ್ಲಿ ಸಣ್ಣ ಸಂಬಳದ ಕಂಪ್ಯೂಟರ್ ಆಪರೇಟರ್ ಆಗಿದ್ದರು. ಗೆಲುವಿನ ನಂತರದ ವರ್ಷಗಳು ತಮ್ಮ ಜೀವನದ ಅತ್ಯಂತ ಕಷ್ಟದ ಕಾಲವಾಗಿದ್ದವೆಂದು 2020ರಲ್ಲಿ ಅವರೇ ಬರೆದುಕೊಂಡರು. ದಿಢೀರನೆ ಬಂದ ಹಣವನ್ನು ನಿಭಾಯಿಸಲು ಬೇಕಾದ ಅನುಭವ ಮತ್ತು ಸಲಹೆ ಹಣದ ಜೊತೆಗೇ ಬರುವುದಿಲ್ಲ.

ಇದಕ್ಕೆ ಹೋಲಿಸಬೇಕಾದದ್ದು 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಈ ಕಾರ್ಯಕ್ರಮ ಸಾವಿರಾರು ಸಂಚಿಕೆಗಳನ್ನು ಕಂಡಿದೆ. ಇಲ್ಲಿ ಸರಿಯುತ್ತರಕ್ಕೆ ಸಿಗುವುದು ಕನ್ನಡದ ಪುಸ್ತಕ. ತಪ್ಪು ಹೇಳಿದರೆ ಮನೆಯ ಭವಿಷ್ಯ ಕೈಜಾರುವ ಭಯವಿಲ್ಲ. ಹಾಗಾಗಿ ಜಯನಗರದವರಿಗೂ ನೀಲಗುಂದದವರಿಗೂ ಪ್ರಶ್ನೆಯ ಭಾರ ಒಂದೇ. ಬಹುಮಾನ ಚಿಕ್ಕದಾದಷ್ಟೂ ಪರೀಕ್ಷೆ ನ್ಯಾಯಯುತವಾಗುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಹಾಗೆಂದು ಕೋಟಿಯ ಆಟವನ್ನು ನಿಷೇಧಿಸಬೇಕೆಂದು ಯಾರೂ ಹೇಳಲಾರರು. ಮನರಂಜನೆ ಮನರಂಜನೆಯಾಗಿಯೇ ಇರಲಿ. ಆದರೆ ಅದನ್ನು ಸಮಾನಾವಕಾಶವೆಂದು ಕರೆದು ಸಮಾಜ ಸಮಾಧಾನಪಟ್ಟುಕೊಳ್ಳುವುದು ಬೇಡ. ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸೊಗಸಾದ ಭೀಮೇಶ್ವರ ದೇವಾಲಯವಿದೆ. ಅದನ್ನು ದಿನನಿತ್ಯ ನೋಡುವ ಶಾಲಾಮಕ್ಕಳು ಅದರ ಚರಿತ್ರೆಯನ್ನು ಓದಿ ತಿಳಿಯಬೇಕಾದರೆ ಊರಿನಲ್ಲಿ ಪುಸ್ತಕಗಳಿರಬೇಕು, ಅವು ಸಂಜೆಯ ಹೊತ್ತು ಕೈಗೆ ಸಿಗಬೇಕು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಿಂದಲೇ ಇದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾಗರಿಕರು ಕಟ್ಟುತ್ತಾರೆ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿಯಾಗಿ ಗ್ರಂಥಾಲಯಗಳಿಗೆ ತಲುಪಿಸುವುದಿಲ್ಲವೆಂಬ ದೂರು ಮಾತ್ರ ಹಳೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದು 'ಅರಿವು ಕೇಂದ್ರ'ಗಳೆಂದು ಹೆಸರು ಪಡೆದಿವೆ. ಬೇಕಾದದ್ದು ಪ್ರತಿ ವರ್ಷ ಹೊಸ ಪುಸ್ತಕ, ಮೇಲ್ವಿಚಾರಕರಿಗೆ ಸಕಾಲದಲ್ಲಿ ನ್ಯಾಯವಾದ ವೇತನ ಮತ್ತು ವಸೂಲಾದ ಕರದ ಬಹಿರಂಗ ಲೆಕ್ಕ. ಈ ಮೂರಕ್ಕೂ ಹೊಸ ಕಾನೂನು ಬೇಕಿಲ್ಲ. ಜಿಲ್ಲಾ ಪಂಚಾಯಿತಿಯ ತ್ರೈಮಾಸಿಕ ಪ್ರಗತಿ ಪರಿಶೀಲನಾ ಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಜೊತೆಗೆ ಇದನ್ನೂ ಒಂದು ವಿಷಯವಾಗಿ ಸೇರಿಸಿದರೆ ಆರಂಭಕ್ಕೆ ಸಾಕು.